ಚಮಚದ ಹಿಡಿ

ಜೂನ್ ೯, ಸೋಮವಾರ
ಪೇಪರ್ ಓದಿದೆ. ಕಸ್ತೂರಿ ಇವತ್ತೂ ಚಹಾ ಆರಿಸಿ ಕುಡಿದಳು. ಮದುವೆಯಾಗಿ ಮೂವತ್ತೆರಡು ವರ್ಷ, ಸುಡುವ ಚಹಾವೇ ಬೇಕು ಅನ್ನುವವಳು. ನಾಲಿಗೆಯ ಅಂಚಿನ ಹುಣ್ಣು ಮಾಯುತ್ತಿಲ್ಲ.
ಸರ್ಕಾರಿ ದವಾಖಾನೆಗೆ ಕರೆದೊಯ್ದೆ. ಹೊಸ ಡಾಕ್ಟರ್ ಐಶ್ವರ್ಯ. ಬಿಪಿ, ಶುಗರ್ ನೋಡಿದಳು.
"ತಂಬಾಕ ತಿಂತೀರೇನ್ರಿ ಅಕ್ಕಾರ?"
"ಛೀ! ಇಲ್ರಿ."
ಬಿ-ಕಾಂಪ್ಲೆಕ್ಸ್ ಗುಳಿಗೆ ಕೊಟ್ಟಳು. ಬಾಯಿ ತೆರೆಸಲೇ ಇಲ್ಲ.

ಜೂನ್ ೧೯
ಮತ್ತೆ ಅದೇ ಗುಳಿಗೆ. ಬಾಯೊಳಗೆ ನೋಡಿರೆಂದೆ.
"ಹುನಗುಂದಕ್ಕ ಹೋಗಿ ಹಲ್ಲಿನ ಡಾಕ್ಟರ್‌ಗೆ ತೋರಸ್ರಿ ಕಾಕಾ. ಅದು ನಮ್ಮದಲ್ಲ."
ನಮ್ಮದಲ್ಲ! ಬಾಯಿ ಮೈಗೆ ಸೇರಿದ್ದಲ್ಲವೇ? ಎಪ್ಪತ್ತೆಂಟನೆಯ ಇಸವಿಯಲ್ಲಿ ಇದೇ ದವಾಖಾನೆಯಲ್ಲಿ ಅಮಾತೆಪ್ಪ ಕಂಪೌಂಡರ್ — ಓದಿದ್ದು ಏಳನೆಯ ಇಯತ್ತೆ — ಜ್ವರವೆಂದು ಬಂದವರ ನಾಲಿಗೆಯನ್ನೂ ಚಮಚದ ಹಿಡಿಯಿಂದ ಎತ್ತಿ ನೋಡುತ್ತಿದ್ದ.
ಹುನಗುಂದಕ್ಕೆ ಹೋಗಲಿಲ್ಲ. ಕೂತು ಆರೋಗ್ಯ ಇಲಾಖೆಗೆ ಮೂರು ಪುಟ ದೂರಿನ ಅರ್ಜಿ ಬರೆದೆ.

ಆಗಸ್ಟ್ ೪
ಉತ್ತರ ಬಂತು: ಪರಿಶೀಲಿಸಲಾಗುವುದು.
ಕಸ್ತೂರಿ ರೊಟ್ಟಿ ಬಿಟ್ಟಳು. ಬರೀ ಗಂಜಿ. ಈಗ ಕಿವಿಯೂ ನೋವು...
ಮನೆಯ ಚಮಚ ಒಯ್ದು ಡಾಕ್ಟರ ಮೇಜಿನ ಮೇಲಿಟ್ಟೆ. ಆಕೆಯ ಮುಖ ಕೆಂಪಾಯಿತು. ಮೊಬೈಲ್ ಬೆಳಕು ಹಿಡಿದು, ಚಮಚದ ಹಿಡಿಯಿಂದ ಕಸ್ತೂರಿಯ ನಾಲಿಗೆ ಎತ್ತಿದಳು.
"ಅಕ್ಕಾರ... ಹಲ್ಲಿಗೆ ಏನ್ ಹಚ್ತೀರಿ?"
"ಮಿಶ್ರಿ. ತಂಬಾಕ ಹುರದ ಪುಡಿ ಮಾಡಿದ್ದು. ಹಚ್ಚಿ ಉಗುಳೂದ್ರಿ, ತಿನ್ನೂದಲ್ಲಲ್ಲ!"
ಐಶ್ವರ್ಯ ಚಮಚ ಕೆಳಗಿಟ್ಟಳು. "ಹಿಂಗ ಕೇಳಬೇಕಂತ ನನಗ ಯಾರೂ ಕಲಿಸಲಿಲ್ಲ ಕಾಕಾ. ನೋಡೂದೂ ಕಲಿಸಲಿಲ್ಲ."
ಬಾಗಲಕೋಟೆಯ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದಳು.

ಆಗಸ್ಟ್ ೧೪
ಬಾಗಲಕೋಟೆ. ಹುಣ್ಣಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರು. ಕ್ಯಾನ್ಸರ್. ಅರ್ಧಕ್ಕಿಂತ ಹೆಚ್ಚು ನಾಲಿಗೆ ತೆಗೆಯಬೇಕು. ಎರಡು ತಿಂಗಳ ಮೊದಲು ತಂದಿದ್ದರೆ, ಅಂದರು.
ಬಸ್ಸಿನಲ್ಲಿ ಕಸ್ತೂರಿ ಅಂದಳು: "ಆ ಹುಡುಗಿ ಮ್ಯಾಲ ಮತ್ತ ಅರ್ಜಿ ಬರೀಬ್ಯಾಡ್ರಿ. ಇಳಕಲ್ ಸಂತಿಯಿಂದ ಮಿಶ್ರಿ ತಂದ್ ಕೊಡಾವ್ರು ಯಾರು?"
ನಾನೇ. ವಾರ ವಾರ.

ಆಗಸ್ಟ್ ೨೫, ಬೆಳಿಗ್ಗೆ ೭
ಒಂಬತ್ತಕ್ಕೆ ಆಪರೇಶನ್. ನೀರೂ ಕೊಡುವಂತಿಲ್ಲ. ನಸುಕಿನಿಂದ ಮಾತಾಡುತ್ತಲೇ ಇದ್ದಾಳೆ — ನೋವಿದ್ದರೂ. ನರ್ಸನ್ನು ನಗಿಸಿದಳು. ಮಾಯಾಳಿಗೆ ಫೋನ್ ಮಾಡಿ ಮಗಳೆಂದೂ ನೋಡದೆ ಬೈದಳು. ನಾನು ಎಲ್ಲ ಬರೆದುಕೊಳ್ಳುತ್ತಿದ್ದೇನೆ, ಒಂದೂ ಬಿಡಬಾರದು...
ಹೊರಗೆ ಟ್ರಾಲಿಯ ಸದ್ದು.
ನನ್ನ ಹೆಸರು ಈವರೆಗೆ ಬಾಯಲ್ಲಿ ತಂದವಳಲ್ಲ.
"ಇವತ್ತೊಂದ್ ದಿನ ಹೆಸರ ಹಿಡದ ಕರೀತೇನಿ. ಬರಿಯೂದ್ ಬಿಡ್ರಿ, ಇತ್ತ ನೋಡ್ರಿ. ಹೊಳಬ—