ಕೆಟಲ್ ಬಾರದ ಶನಿವಾರ

ಆಗಸ್ಟ್ 4, ಶುಕ್ರವಾರ

ಬೆಳಿಗ್ಗೆ ಲೈಬ್ರರಿ. ಹೊಸ ಪುಸ್ತಕಗಳಿಗೆ ನಂಬರ್ ಅಂಟಿಸಿದ್ದು. ಮಧ್ಯಾಹ್ನ ಸ್ಟೇಡಿಯಂನಲ್ಲಿ ಮೈಕ್ ಪರೀಕ್ಷೆ. ಬೇಸಿಗೆಯಲ್ಲಿ ಇಲಿ ವೈರ್ ಕಡಿದಿದೆ, ಎಡಗಡೆಯ ಸ್ಪೀಕರ್ ಗೊರಗೊರ. ವಾರವೆಲ್ಲ ಪಿಸುಮಾತಿನ ಕೆಲಸ. ಶನಿವಾರ ಮಾತ್ರ, ಕಾಲೇಜು ಫುಟ್‌ಬಾಲ್ ಆಟದ ಘೋಷಣೆ ಮಾಡುವಾಗ, ಊರಿಗೆಲ್ಲ ಕೇಳುವ ದನಿ. ಇಷ್ಟು ವರ್ಷದಲ್ಲಿ ಒಮ್ಮೆಯೂ ಯಾರ ಪರವಾಗಿಯೂ ಕೂಗಿಲ್ಲ. ಅದೊಂದು ಹೆಮ್ಮೆ.

ಲೈಲ್ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಂದ. ಆಟದ ದಿನ ನನ್ನ ಪಕ್ಕ ಕೂತು, ದುರ್ಬೀನಿನಲ್ಲಿ ನೋಡಿ, ಚೆಂಡು ಯಾರ ಕೈಯಲ್ಲಿದೆ ಅಂತ ಕಿವಿಯಲ್ಲಿ ಹೇಳುವವನು. ತನ್ನ ಔಷಧಿ ಅಂಗಡಿ ಮುಚ್ಚಿದ ಮೇಲೆ ಅವನಿಗೂ ಇದೇ ಬದುಕು.

“ಕೇಳಿದ್ಯಾ? ಬ್ರೆನ್‌ಹೋಮ್ ಹೊರಟಿತು.”

“ಎಲ್ಲಿಗೆ?”

“ಪೂರ್ವಕ್ಕೆ. ದೊಡ್ಡ ಕಾಲೇಜುಗಳ ಕೂಟಕ್ಕೆ. ಟೀವಿಯವರು ದುಡ್ಡು ತೋರಿಸಿ ಸಿಳ್ಳೆ ಹೊಡೆದ್ರು, ಇವ್ರು ಬಾಲ ಅಲ್ಲಾಡಿಸ್ಕೊಂಡು ಓಡಿದ್ರು. ಇನ್ನೂ ಮೂರು ಕಾಲೇಜು ಹಿಂದೆನೇ ಹೋಗ್ತಾವಂತೆ.”

“ನಾವು?”

“ನಾವು ಹಸುಗಳ ಜೊತೆ ಆಡೋದು.”

ನೂರು ವರ್ಷಕ್ಕೂ ಹಳೆಯ ಆಟ ಇದು. ನಮ್ಮ ಕಾಲೇಜು ಆಲ್ಡರ್ ಫೋರ್ಕ್, ಅವರದು ಬ್ರೆನ್‌ಹೋಮ್. ನಡುವೆ ಒಂದು ನದಿ, ಒಂದಷ್ಟು ಗೋಧಿ ಗುಡ್ಡ. ಇಲ್ಲಿ ಮದುವೆಗೆ ಮುಂಚೆ ಜಾತಿ ಕೇಳುವುದಿಲ್ಲ, ಅವರ ಹಸಿರೋ ನಮ್ಮ ಕೆಂಪೋ ಅಂತ ಕೇಳುತ್ತಾರೆ.

ಕಳೆದ ತಿಂಗಳು, ಜುಲೈ ನಾಲ್ಕರಂದು, ರಸ್ಸೆಲ್ ನಮ್ಮ ಹಿತ್ತಲಲ್ಲಿ ಕೂತಿದ್ದ. ತಂಗಿ ಕೊರಿನ್‌ಳ ಗಂಡ. ಬ್ರೆನ್‌ಹೋಮ್‌ನ ಕ್ರೀಡಾ ನಿರ್ದೇಶಕ. ನೇರವಾಗಿ ಕೇಳಿದ್ದೆ. “ಎಲ್ಲಾ ಗಾಳಿಸುದ್ದಿ ಥಿಯಾ. ನಾವೆಲ್ಲಿಗೆ ಹೋಗ್ತೀವಿ?” ಅಂದ. ಬಾಯಿ ತುಂಬಾ ನಾನು ಮಾಡಿದ ಹಕಲ್‌ಬೆರಿ ಹಣ್ಣಿನ ಪೈ. ಹಲ್ಲೆಲ್ಲ ನೀಲಿ.

ಆ ನೀಲಿ ಹಲ್ಲನ್ನೇ ನೆನೆಸಿಕೊಂಡು ಕೂತಿದ್ದೇನೆ.

ಆಗಸ್ಟ್ 5

ಕೊರಿನ್ ಫೋನ್. “ನನಗೂ ಗೊತ್ತಿರಲಿಲ್ಲ ಕಣೇ. ರೇಡಿಯೋದಲ್ಲೇ ಕೇಳಿದ್ದು.”

ನಂಬಿದೆ. ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ, ಚಿಕ್ಕಂದಿನಿಂದಲೂ. ಆ ಕೆಲಸಕ್ಕೇ ಗಂಡನನ್ನು ಇಟ್ಟುಕೊಂಡಿದ್ದಾಳೆ.

ಸೆಪ್ಟೆಂಬರ್ 16, ಶನಿವಾರ

ಗೆದ್ದೆವು. ಯಾರಿಗೂ ಖುಷಿ ಇಲ್ಲ. ಹತ್ತರ ಕೂಟದಲ್ಲಿ ಉಳಿದದ್ದು ಆರು, ಅದರಲ್ಲೂ ಎರಡು ಬಾಗಿಲ ಹತ್ತಿರ ಚಪ್ಪಲಿ ಹುಡುಕುತ್ತಿವೆ. ಟೀವಿಯ ದುಡ್ಡು ನಿಂತದ್ದಕ್ಕೆ ಹುಡುಗಿಯರ ಈಜು ತಂಡವನ್ನು ಮುಂದಿನ ವರ್ಷದಿಂದ ಮುಚ್ಚುತ್ತಾರಂತೆ. ಆ ಮಕ್ಕಳು ಇವತ್ತು ಒದ್ದೆ ಕೂದಲಲ್ಲೇ ಬಂದು ಮೊದಲ ಸಾಲಲ್ಲಿ ಕೂತಿದ್ದವು. ಕೂಗಲಿಲ್ಲ. ಚಪ್ಪಾಳೆಯೂ ಇಲ್ಲ.

ಹೋಗುವವರಿಗೆ ಹೊಸ ಕಟ್ಟಡ. ಉಳಿದವರಿಗೆ ಖಾಲಿ ಈಜುಕೊಳ.

ಅಕ್ಟೋಬರ್ 20

ನಮ್ಮ ಕ್ರೀಡಾ ನಿರ್ದೇಶಕ ಡ್ವೇನ್ ಲೈಬ್ರರಿಗೇ ಬಂದ. ಪುಸ್ತಕದ ಮುಖ ನೋಡುವವನಲ್ಲ, ಹಾಗಾಗಿ ಕೆಟ್ಟ ಸುದ್ದಿ ಎಂದು ಗೊತ್ತಾಯಿತು.

“ಕೆಟಲ್ ತರಲ್ಲ ಅಂತಿದಾರೆ.”

“ಯಾಕಂತೆ?”

“ಹಳೇದು, ಏನಾದ್ರೂ ಆದೀತು ಅಂತ. ಹೊಸ ಕಟ್ಟಡದಲ್ಲಿ ಗಾಜಿನ ಪೆಟ್ಟಿಗೇಲಿ ಇಟ್ಟಿದಾರಂತೆ. ಕೆಳಗಡೆ ಲೈಟೂ ಹಾಕಿದಾರಂತೆ.”

ಗೋಧಿ ಒಕ್ಕುವ ಕ್ಯಾಂಪುಗಳಲ್ಲಿ ಮೂರು ಕಲ್ಲಿನ ಮೇಲೆ ಕುದಿದ ಕೆಟಲ್ ಅದು. ಎರಡು ಕೈಯಲ್ಲಿ ಎತ್ತಬೇಕು. ಹೊಟ್ಟೆಯಲ್ಲಿ ನಮ್ಮಜ್ಜಂದಿರ ಕಾಲದ ತಗ್ಗುಗಳು. ಆಟ ಮುಗಿದ ಮೇಲೆ ಸೋತವರು ಗೆದ್ದವರಿಗೆ ಅದರಿಂದ ಕಾಫಿ ಬಗ್ಗಿಸಿ ಕೊಡಬೇಕು. ಮೈದಾನದ ನಟ್ಟನಡುವೆ, ತಗಡಿನ ಲೋಟದಲ್ಲಿ, ಕೊನೆಯ ವರ್ಷದ ಹುಡುಗರು. ಆಮೇಲೆ ಗೆದ್ದವರು ಕೆಟಲ್ ಒಯ್ಯುತ್ತಾರೆ, ಮುಂದಿನ ವರ್ಷ ತರುತ್ತಾರೆ. ಹೋದ ವರ್ಷ ನಾವು ಸೋತು, ಬಗ್ಗಿಸಿ ಕೊಟ್ಟೆವು. ಬೆರಳು ಸುಟ್ಟುಕೊಂಡ ನಮ್ಮ ಹುಡುಗನಿಗೆ ಅವರ ಹುಡುಗನೇ ಹಿಮ ಹಚ್ಚಿದ.

ಇನ್ನು ಮುಂದಿನ ವರ್ಷ ಎಂಬುದೇ ಇಲ್ಲ. ನವೆಂಬರಿನಲ್ಲಿ ಗೆದ್ದವರಿಗೆ ಅದು ಶಾಶ್ವತ. ಅದಕ್ಕೇ ತರುವುದಿಲ್ಲ.

ರಸ್ಸೆಲ್ ಹುಟ್ಟಿದ್ದು ನದಿಯ ಈಚೆ. ಕೆಂಪು ಅಂಗಿ ತೊಟ್ಟು ಆಡಿ, ಅದೇ ಕೆಟಲಿನ ಕಾಫಿ ಕುಡಿದವನು. ಅವನಿಗೆ ಗೊತ್ತಿಲ್ಲದೆ ಅಲ್ಲ.

ನನಗೆ ಬೇಕಾದದ್ದು ಒಂದೇ. ಅವನು ತನ್ನ ಎರಡೂ ಕೈಯಲ್ಲಿ ಅದನ್ನು ಹೊತ್ತು ತಂದು, ಎಲ್ಲರೆದುರು ಬಗ್ಗಿ, ಕಾಫಿ ಬಗ್ಗಿಸಬೇಕು. ಬರೆದು ನೋಡಿದರೆ ಸಣ್ಣ ಆಸೆ. ಒಳಗೆ ಅಷ್ಟು ಸಣ್ಣದಿಲ್ಲ.

ಆ ಕಾಲೇಜಿನ ಹೆಸರನ್ನು ಇನ್ನು ಇಲ್ಲಿ ಬರೆಯುವುದಿಲ್ಲ.

ನವೆಂಬರ್ 23, ಗುರುವಾರ

ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟ. ಕೊರಿನ್ ಮನೆ. ಟರ್ಕಿ ಕೋಳಿ ಒಣಗಿತ್ತು, ಗ್ರೇವಿ ಚೆನ್ನಾಗಿತ್ತು. ರಸ್ಸೆಲ್ ಹಸಿರು ಸ್ವೆಟರ್ ಹಾಕಿಕೊಂಡು ಚಾಕು ಮಸೆಯುತ್ತಿದ್ದ.

“ಏನು ಥಿಯಾ, ಶನಿವಾರ ನಮ್ಮ ಹುಡುಗ್ರ ಹೆಸರು ಸರಿಯಾಗಿ ಹೇಳ್ತೀಯಾ ತಾನೆ? ಹೋದ ಸಲ ಸಮೋವಾ ದ್ವೀಪದಿಂದ ಬಂದ ನಮ್ಮ ಹುಡುಗನ ಹೆಸರು ನೀನು ಹೇಳಿದ್ದು ಕೇಳಿ ಅವನ ತಾಯಿ ಅತ್ತುಬಿಟ್ಟಿದ್ಲು. ಯಾರೂ ಅಷ್ಟು ಸರಿ ಹೇಳಿರಲಿಲ್ವಂತೆ.”

“ಹುಡುಗರ ಹೆಸರು ಹೇಳ್ತೀನಿ. ಕೆಟಲ್ ಎಲ್ಲಿ?”

“ಶುರುವಾಯ್ತು.” ಚಾಕು ಕೆಳಗಿಟ್ಟ. “ಅದೊಂದು ಕೆಟಲ್ ಮಾರಾಯ್ತಿ. ತಗಡು.”

“ಹಾಗಾದ್ರೆ ತಾ.”

ಕೊರಿನ್ ನಕ್ಕಳು. ಅವನು ಅವಳನ್ನು ನೋಡಿದ. ನಗು ನಿಲ್ಲಿಸಿ ಆಲೂಗಡ್ಡೆಯ ಬಟ್ಟಲು ನನ್ನ ಕಡೆ ತಳ್ಳಿದಳು.

“ನೋಡು,” ಅಂದ, ಮಕ್ಕಳಿಗೆ ಹೇಳುವ ದನಿಯಲ್ಲಿ. “ಜಗತ್ತು ದೊಡ್ಡದಾಗ್ತಿದೆ. ನಿಮ್ಮೂರು ಇದ್ದಲ್ಲೇ ಇರುತ್ತೆ. ತಪ್ಪಲ್ಲ ಅದು. ನೀನು ಓದೋ ಪದ್ಯದ ಪುಸ್ತಕಕ್ಕೆಲ್ಲ ಅಂಥ ಊರೇ ಸರಿ.”

ನಿಮ್ಮೂರು. ಅವನ ಅಪ್ಪ ಅಮ್ಮನ ಸಮಾಧಿ ನಮ್ಮೂರಲ್ಲಿದೆ. ಹುಲ್ಲು ಕತ್ತರಿಸುವುದು ಯಾರೆಂದು ಒಮ್ಮೆಯೂ ಕೇಳಿಲ್ಲ.

ಪೈ ತಿನ್ನದೆ ಎದ್ದು ಬಂದೆ.

ನವೆಂಬರ್ 25, ಸಂಜೆ

ಕೈ ಇನ್ನೂ ಬಿಸಿಯಾಗಿಲ್ಲ. ನಡೆದದ್ದು ನಡೆದ ಹಾಗೆ ಬರೆಯುತ್ತೇನೆ.

ಆಟ ಶುರುವಾದಾಗಿನಿಂದಲೇ ಅವರ ಹುಡುಗರ ಹೆಸರು ಹೇಳಿದೆ. ಊರು ಹೇಳಿದೆ. ತಾಯಂದಿರಿಗೆ ಮೋಸ ಮಾಡಲಿಲ್ಲ. ಕಾಲೇಜಿನ ಹೆಸರು ಬರಬೇಕಾದ ಜಾಗದಲ್ಲಿ ಮಾತ್ರ ಸುಮ್ಮನೆ ನಿಂತೆ. “ಚೆಂಡು ಈಗ...” ಒಂದು ಉಸಿರು. “...ಮೂವತ್ತನೇ ಗಜದ ಗೆರೆಯಲ್ಲಿ.”

ಆಟದ ಎರಡನೇ ಕಾಲುಭಾಗದಲ್ಲಿ ಲೈಲ್ ದುರ್ಬೀನು ಇಳಿಸಿದ. “ನೀನು ಇನ್ನೂ ಅವರ ಕಾಲೇಜಿನ ಹೆಸರೇ ಹೇಳಿಲ್ಲ.”

“ಹೌದಾ?”

“ಡ್ವೇನ್ ಕೊಲ್ತಾನೆ ನಿನ್ನ.” ಮತ್ತೆ ದುರ್ಬೀನು ಏರಿಸಿದ. ಕೆನ್ನೆ ಕುಣಿಯುತ್ತಿತ್ತು.

ವಿರಾಮದ ಹೊತ್ತಿಗೆ ಜನಕ್ಕೆ ಗೊತ್ತಾಯಿತು. ಆಮೇಲೆ ನಾನು ನಿಲ್ಲಿಸಿದ ಕಡೆಯೆಲ್ಲ ಅವರು ಶುರು ಮಾಡಿದರು.

“ಟೈಮ್‌ಔಟ್ ಕೇಳಿದವರು...”

“ಯಾರು...?” ಇಡೀ ಸ್ಟೇಡಿಯಂ.

“ದಂಡ, ಹತ್ತು ಗಜ, ವಿಧಿಸಿದ್ದು...”

“ಯಾರಿಗೇ...?”

ಈಜು ತಂಡದ ಮಕ್ಕಳು ಬೆಂಚಿನ ಮೇಲೆ ಹತ್ತಿ ನಿಂತು ಕೂಗುತ್ತಿದ್ದವು. ಆ ಸದ್ದು ಎದೆಗೆ ಬಂದು ತಾಗಿತು. ಇಷ್ಟು ವರ್ಷ ಹೆಸರು ಹೇಳುವ ಕೆಲಸ ಮಾಡಿದವಳಿಗೆ, ಹೇಳದೆ ಇರುವುದರ ರುಚಿ ಇವತ್ತು ಗೊತ್ತಾಯಿತು.

ಕೊನೆಯಲ್ಲಿ ನಮ್ಮವರ ಫೀಲ್ಡ್ ಗೋಲ್, ಮೂರು ಅಂಕ. ಗೆದ್ದೆವು. ಇಪ್ಪತ್ತು, ಹದಿನೇಳು.

ನಮ್ಮ ಕೊನೆಯ ವರ್ಷದ ಹುಡುಗರು ತಗಡಿನ ಲೋಟ ಹಿಡಿದು ನಡುವೆ ಹೋಗಿ ನಿಂತರು. ಅವರ ತಂಡ ಮೈದಾನದಿಂದ ಒಳಹೋಗುವ ಸುರಂಗದ ಕಡೆ ಓಡಿತು, ರಸ್ಸೆಲ್ ಕೈ ಬೀಸಿ ಬೀಸಿ ಒಳಗೆ ಅಟ್ಟುತ್ತಿದ್ದ. ಮೈಕ್ ತೆರೆದೆ.

“ದಯವಿಟ್ಟು ಕುಳಿತಿರಿ. ಕಾಫಿಗಾಗಿ ಕಾಯುತ್ತಿದ್ದೇವೆ.”

ಅಷ್ಟೇ ಹೇಳಿದ್ದು. ಜನ ಕುಳಿತರು. ಎದ್ದಿದ್ದವರೂ ಕುಳಿತರು. ಹಿಮ ಬೀಳಲು ಶುರುವಾಯಿತು. ಒಬ್ಬರೂ ಕದಲಲಿಲ್ಲ. ಟೀವಿಯವರ ಕ್ಯಾಮೆರಾ ಖಾಲಿ ಸುರಂಗವನ್ನೇ ನೋಡುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದೇ ಮಾತು, ಅದೇ ದನಿ. ಡ್ವೇನ್ ಫೋನ್ ಮಾಡುತ್ತಲೇ ಇದ್ದ. ಲೈಲ್ ಅದರ ಮೇಲೆ ತನ್ನ ಟೋಪಿ ಮುಚ್ಚಿಟ್ಟ.

ರಸ್ಸೆಲ್ ಬರುತ್ತಾನೆ ಎಂದುಕೊಂಡಿದ್ದೆ. ಬರಿಗೈಯಲ್ಲಿ, ತಲೆ ತಗ್ಗಿಸಿ. ಅದನ್ನು ನೋಡಲು ಎಷ್ಟು ಹೊತ್ತು ಬೇಕಾದರೂ ಕಾಯುತ್ತಿದ್ದೆ.

ಸುರಂಗದಿಂದ ಬಂದದ್ದು ಕೊರಿನ್. ಹಸಿರು ಕೋಟು. ಕೈಯಲ್ಲಿ ಅವಳ ಕಾರಿನ ಫ್ಲಾಸ್ಕು. ಒಬ್ಬಳೇ, ಅಷ್ಟುದ್ದ ನಡೆದು ಬಂದಳು. ಜನ ನಕ್ಕರು, ಯಾರೋ ಛೀಮಾರಿ ಹಾಕಿದರು, ಅವಳು ನಿಲ್ಲಲಿಲ್ಲ. ಪ್ರತಿ ಲೋಟಕ್ಕೂ ಒಂದೊಂದು ಗುಟುಕು ಬಗ್ಗಿಸಿದಳು.

ಕಾಫಿ ಕೊಡುವವರ ಹೆಸರು ಹೇಳುವುದು ನನ್ನ ಕೆಲಸ. ಲೈಲ್ ನನ್ನನ್ನೇ ನೋಡುತ್ತಿದ್ದ.

“ಕಾಫಿ ಕೊಡುತ್ತಿರುವವರು... ಆಲ್ಡರ್ ಫೋರ್ಕ್‌ನ ಮಗಳು, ಕೊರಿನ್ ಲಿಂಡ್‌ಕ್ವಿಸ್ಟ್.”

ಅಪ್ಪನ ಹೆಸರು. ನಮ್ಮ ಹೆಸರು. ಅವನದ್ದಲ್ಲ.

ಆ ಕೂಗು ನದಿಯ ಆಚೆಗೂ ಕೇಳಿರಬೇಕು. ಸುರಂಗದ ಬಾಯಲ್ಲಿ ರಸ್ಸೆಲ್ ನಿಂತಿದ್ದ. ಬಣ್ಣ ಇದ್ದದ್ದು ಸ್ವೆಟರಿನಲ್ಲಿ ಮಾತ್ರ, ಮುಖದಲ್ಲಿ ಇರಲಿಲ್ಲ.

ನವೆಂಬರ್ 26

ಕೊರಿನ್ ಫೋನ್. ಹಲೋ ಇಲ್ಲ.

“ನನ್ನ ಹೆಸರನ್ನೇ ಕಿತ್ಕೊಂಡೆ.”

“ನಿನ್ನದೇ ಹೆಸರು ಕೊಟ್ಟೆ.”

“ಮದುವೆಯಾದಾಗಿನಿಂದ ನಾನು ಹಾಲ್ವರ್ಸನ್. ಕೇಳಿ ಕೊಟ್ಯಾ? ನನ್ನ ಮಕ್ಕಳು ಟೀವಿ ಮುಂದೆ ಕೂತಿದ್ರು.”

“ನೀನು ಯಾಕೆ ಬಂದೆ? ನಾನು ಕಾಯ್ತಿದ್ದದ್ದು ಅವನಿಗೆ.”

“ಆ ಹುಡುಗ್ರು ಚಳೀಲಿ ಲೋಟ ಹಿಡ್ಕೊಂಡು ನಿಂತಿದ್ವು. ಯಾರಾದ್ರೂ ಹೋಗ್ಬೇಕಿತ್ತಲ್ಲ? ನಿಮ್ಮಿಬ್ಬರಿಗೂ ಅದು ಹೊಳೀಲಿಲ್ಲ. ನಿನಗೂ ಇಲ್ಲ, ಅವನಿಗೂ ಇಲ್ಲ. ಒಂದೇ ಹಿಟ್ಟಿನವರು ನೀವು.”

ಫೋನ್ ಇಟ್ಟಳು.

ದಿನವಿಡೀ ಪದ್ಯದ ಪುಸ್ತಕ ತೆರೆದು ಒಂದೇ ಸಾಲನ್ನು ನೋಡುತ್ತಾ ಕೂತೆ. ಅವಳು ಹೇಳಿದ್ದು ನಿಜ. ಪೆಟ್ಟು ಬಿದ್ದದ್ದು ಅವಳಿಗೆ. ಹಾಗಾದರೆ ಗುರಿ ತಪ್ಪಿದೆ. ಗುರಿ ತಪ್ಪಿದರೆ ಕಲ್ಲು ಕೆಳಗಿಡಬೇಕು ಎನ್ನುವವರಿದ್ದಾರೆ. ನಾನಲ್ಲ.

ಡಿಸೆಂಬರ್ 14

ಹದಿನೈದು ದಿನಕ್ಕೂ ಹೆಚ್ಚು, ಕೊರಿನ್ ಸುದ್ದಿ ಇಲ್ಲ. ಬರೆಯಲೂ ಮನಸ್ಸಾಗಲಿಲ್ಲ.

ಇವತ್ತು ಡ್ವೇನ್ ಕರೆಸಿದ. ಕಾಯುತ್ತಾ ಕೂತ ಸ್ಟೇಡಿಯಂನ ಚಿತ್ರವನ್ನು ದೇಶವೆಲ್ಲ ನೋಡಿದೆಯಂತೆ. ಅವರ ಕಾಲೇಜಿನ ಹಳೇ ವಿದ್ಯಾರ್ಥಿಗಳೇ ಫೋನ್ ಮಾಡಿ ಮಾಡಿ ಉಗಿದಿದ್ದಾರೆ. ಕೆಟಲ್ ವಾಪಸ್ ಕೊಡುತ್ತಾರಂತೆ. ಷರತ್ತು ಒಂದು: ಹೊಸ ವರ್ಷದಲ್ಲಿ ನಮ್ಮಲ್ಲಿ ನಡೆಯುವ ಮೊದಲ ಬಾಸ್ಕೆಟ್‌ಬಾಲ್ ಆಟದಲ್ಲಿ ನಾನು ಕ್ಷಮೆಯ ಮಾತು ಓದಬೇಕು. ಅವರ ಕಾಲೇಜಿನ ಪೂರ್ತಿ ಹೆಸರು ಹೇಳಬೇಕು.

“ಒಂದು ಹೆಸರು ಥಿಯಾ. ಹೇಳಿದ್ರೆ ಕೆಟಲ್ ನಮ್ಮದು. ಹೇಳದಿದ್ರೆ ಮೈಕೂ ನಿನ್ನದಲ್ಲ.”

“ಹೇಳ್ತೀನಿ. ಆದ್ರೆ ಕೆಟಲ್ ಅವನೇ ತರಬೇಕು. ಅವನೇ ಬಗ್ಗಿಸಬೇಕು.”

“ಯಾರು, ರಸ್ಸೆಲ್ಲಾ? ಒಪ್ಪಲ್ಲ ಅವನು.”

“ನಾನು ಹೆಸರು ಹೇಳೋದನ್ನ ಎದುರು ನಿಂತು ಕೇಳಬಹುದು ಅನ್ನು. ಒಪ್ತಾನೆ.”

ಸಂಜೆ ಫೋನ್ ಬಂತು. ಒಪ್ಪಿದ್ದಾನೆ.

ಜನವರಿ 6, ಶನಿವಾರ

ಪ್ರತಿ ವರ್ಷದ ಮೊದಲ ಆಟಕ್ಕೆ ಮುಂಚೆ, ಹಿಂದಿನ ವರ್ಷ ತೀರಿಕೊಂಡ ನಮ್ಮ ಕಾಲೇಜಿನವರ ಹೆಸರು ಓದುತ್ತೇನೆ. ಅದಕ್ಕೆ ಬೇರೆಯೇ ದನಿ. ಕೆಳಗಿಳಿಸಿ, ನಿಧಾನ, ಪ್ರತಿ ಹೆಸರಿನ ನಂತರ ಪೂರ್ತಿ ಒಂದು ಉಸಿರಿನ ಮೌನ. ಆ ದನಿ ಕೇಳಿದರೆ ಸಾಕು, ಜನ ಎದ್ದು ಟೋಪಿ ತೆಗೆಯುತ್ತಾರೆ. ಯಾರೂ ಹೇಳಿಕೊಡಬೇಕಿಲ್ಲ. ಇಲ್ಲಿ ಬೆಳೆದವರಿಗೆ ಅದು ಮೈಯಲ್ಲೇ ಇದೆ.

ಹೆಸರುಗಳಾದವು. ಜನ ಕುಳಿತರು, ಟೋಪಿ ಮತ್ತೆ ತಲೆಗೆ. ರಸ್ಸೆಲ್ ಬಂದ. ಹಸಿರು ಟೋಪಿ, ಎರಡೂ ಕೈಯಲ್ಲಿ ಕೆಟಲ್. ಭಾರಕ್ಕೆ ಬೆನ್ನು ಬಾಗಿತ್ತು. ಬಗ್ಗಿದ. ನವೆಂಬರಿನಲ್ಲಿ ಆಡಿದ ನಮ್ಮ ಹುಡುಗರ ಲೋಟಕ್ಕೆ ಒಬ್ಬೊಬ್ಬರಿಗಾಗಿ ಬಗ್ಗಿಸಿದ. ಒಬ್ಬ ಥ್ಯಾಂಕ್ಸ್ ಅಂದ, ಇನ್ನೊಬ್ಬ ಸಕ್ಕರೆ ಕೇಳಿದ. ಜನ ನಕ್ಕರು. ಕೆಟಲ್ ಕೆಳಗಿಟ್ಟು ನೆಟ್ಟಗೆ ನಿಂತು, ಮೇಲೆ ನನ್ನ ಕಡೆ ನೋಡಿದ. ಈಗ ನಿನ್ನ ಸರದಿ, ಎಂಬಂತೆ. ಕೊರಿನ್ ಅವನಿಂದ ನಾಲ್ಕು ಹೆಜ್ಜೆ ಹಿಂದೆ.

ಓದಿದೆ. ಅವರು ಬರೆದುಕೊಟ್ಟ ಹಾಗೇ, ಒಂದು ಅಕ್ಷರ ಬಿಡದೆ. ನವೆಂಬರಿನ ಆಟದಲ್ಲಿ ನನ್ನಿಂದ ಆದ ಲೋಪಕ್ಕಾಗಿ. ನೆರೆಯ, ಗೌರವಾನ್ವಿತ...

ಅಲ್ಲಿ ದನಿ ಇಳಿಸಿದೆ.

“ಬ್ರೆನ್‌ಹೋಮ್ ಯೂನಿವರ್ಸಿಟಿ.”

ನಿಂತೆ. ಪೂರ್ತಿ ಒಂದು ಉಸಿರು.

ಮುಂದಿನ ಸಾಲಿನ ಮುದುಕಿಯೊಬ್ಬರು ಎದ್ದರು. ಅವರ ಹಿಂದಿನ ಸಾಲು ಎದ್ದಿತು. ಆಮೇಲೆ ಎಲ್ಲರೂ. ಟೋಪಿಗಳು ಎದೆಗೆ ಬಂದವು.

ರಸ್ಸೆಲ್‌ನ ಕೈಯೂ ಮೇಲೆ ಹೋಯಿತು. ತಾನಾಗಿಯೇ. ಈ ನೆಲದಲ್ಲಿ ಬೆಳೆದ ಕೈ ಅದು. ಹಸಿರು ಟೋಪಿ ತೆಗೆದು ಎದೆಯ ಮೇಲಿಟ್ಟುಕೊಂಡು ತಲೆ ತಗ್ಗಿಸಿದ. ಆಮೇಲೆ ಅವನಿಗೆ ಗೊತ್ತಾಯಿತು. ಮುಖ ನೋಡಿದೆ, ಚೆನ್ನಾಗಿ ನೋಡಿದೆ. ಟೋಪಿಯನ್ನು ಹಾಕಿಕೊಳ್ಳಲೂ ಆಗದು, ಹಿಡಿದು ನಿಲ್ಲಲೂ ಆಗದು.

“ಅಯ್ಯೋ ದೇವರೇ,” ಲೈಲ್ ಪಿಸುಗುಟ್ಟಿದ. “ಮಣ್ಣು ಮಾಡಿಬಿಟ್ಟೆ.”

ಉಳಿದ ಸಾಲನ್ನು ಮಾಮೂಲಿ ದನಿಯಲ್ಲೇ ಓದಿ ಮುಗಿಸಿದೆ.

ಕೊರಿನ್ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ಭುಜ ಕುಲುಕುತ್ತಿತ್ತು. ಅಷ್ಟು ಮೇಲಿನಿಂದ ನಗುವೋ ಅಳುವೋ ತಿಳಿಯಲಿಲ್ಲ. ಲೈಲ್ ಕೈಯಿಂದ ದುರ್ಬೀನು ಕಿತ್ತುಕೊಂಡೆ. ಸರಿ ಮಾಡುವಷ್ಟರಲ್ಲಿ ಅವಳು ಕೈ ತೆಗೆದಿದ್ದಳು, ನೇರ ನನ್ನ ಕಡೆಗೇ ತಿರುಗಿ, ಒಂದೊಂದೇ ಪದ ಬಿಡಿಸಿ ಏನೋ ಹೇಳುತ್ತಿದ್ದಳು, ನನಗೆ ಮಾತ್ರ ಕಾಣುವ ಹಾಗೆ, ಮೊದಲನೆಯದು ಥಿಯಾ, ಆಮೇಲೆ ಇನ್ನು, ಆಮೇಲೆ ಸಾಕು.