ಅಳಿಸದೆ ಉಳಿದ ಅರ್ಧ ಟಿಕೆಟ್

ಸೆಬು
೧೪ ಮಾರ್ಚ್ ೨೦೧೭

ಪ್ರೀತಿಯ ಲೂರ್ದೆಸ್ ಅಕ್ಕನಿಗೆ,

ನಿಮ್ಮ ದೊರೊ ಮಾಡುವ ವಂದನೆಗಳು. ಕ್ರಿಸ್ಮಸ್‌ಗೆ ನೀವು ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಎಷ್ಟು ಬೇಕಾದರೂ ಬೈಯಿರಿ, ಆದರೆ ಪೂರ್ತಿ ಓದಿ. ಮಂಡಿನೋವು ಹೇಗಿದೆ? ನನ್ನ ಕನ್ನಡಕದ ನಂಬರೂ ಏರಿದೆ.

ದೋಣಿ ಟಿಕೆಟ್ಟಿನ ನಮ್ಮ ಹಳೆಯ ಸರ್ವರನ್ನು ಕೊನೆಗೂ ಮುಚ್ಚುತ್ತಿದ್ದಾರೆ. ಅದರ ಮೂರನೆಯ ಡಿಸ್ಕು ಇವತ್ತಿಗೂ ತಿಂಗಳಿಗೊಮ್ಮೆ ತುಂಬಿಕೊಂಡು ಕೂರುತ್ತದೆ. ಬಿಸಿ ಪುತೊ ಕಡುಬು ತಿನ್ನುತ್ತ, ಹಳೆಯ ಲಾಗು ಫೈಲುಗಳನ್ನು ಅಳಿಸಿ ನಾವಿಬ್ಬರೂ ಅದಕ್ಕೆ ಜಾಗ ಮಾಡಿಕೊಡುತ್ತಿದ್ದೆವಲ್ಲ, ಅಂಥ ಸುಖದ ದಿನಗಳು ನನಗೆ ಮತ್ತೆ ಬರಲಿಲ್ಲ.

ಹೊಸದಕ್ಕೆ ದಾಖಲೆ ಸಾಗಿಸುವ ಮೊದಲು, ಪರೀಕ್ಷೆಗೆಂದು ನಾವು ಹಾಕಿದ್ದ ಸುಳ್ಳು ಟಿಕೆಟ್ಟುಗಳನ್ನು ತೆಗೆಯಬೇಕಿತ್ತು. ಮನೆಯವರ ಹೆಸರನ್ನೇ ಹಾಕುತ್ತಿದ್ದೆವು; ನನ್ನಮ್ಮ ಎಲ್ಲ ದೋಣಿಯಲ್ಲೂ ಇದ್ದಾಳೆ. ನಿಮ್ಮ ಮರಿವಿಕ್ ಕೂಡ ಇದ್ದಾಳೆ, ನೀರುಪಾಲಾಗುವುದಕ್ಕೆ ಐದು ವರ್ಷ ಮೊದಲಿನ ಮರಿವಿಕ್: ವಯಸ್ಸು ಏಳು, ಅರ್ಧ ಟಿಕೆಟ್, ಕಿಟಕಿ ಪಕ್ಕ. ಟ್ರಾನ್ಸಾಕ್ಷನ್ ತೆರೆದು ಎಲ್ಲವನ್ನೂ ಅಳಿಸಿದೆ. ನಲವತ್ತೊಂದು ಸಾಲು ಹೋಯಿತು ಎಂದಿತು ಕಂಪ್ಯೂಟರು. "ಕಮಿಟ್ ಒತ್ತೋವರೆಗೂ ಎಲ್ಲಾ ವಾಪಸ್ ಬರತ್ತೆ ಕಣೋ, ಅವಸರ ಮಾಡ್ಬೇಡ" ಎಂದು ನೀವೇ ಕಲಿಸಿದ್ದು. ನನಗೆ ಒತ್ತಲಾಗಲಿಲ್ಲ. ಹಾಗೇ ಬಿಟ್ಟು ಕಾಫಿಗೆ ಹೋದೆ.

ಹೊಸಬರು ಮಾಡಿದ್ದರೆ ನಾನೇ ಕಿವಿ ಹಿಂಡುತ್ತಿದ್ದೆ. ಕಮಿಟ್ ಆಗದೆ ಟಿಕೆಟ್ಟಿನ ಪಟ್ಟಿಗೆ ಬೀಗ ಬಿದ್ದು ಬಂದರಿನ ಐದೂ ಕೌಂಟರು ನಿಂತವು. ಸಾಲಿನಲ್ಲಿದ್ದವರು ನಮ್ಮ ವಂಶವನ್ನೆಲ್ಲ ಜಾಲಾಡಿದರಂತೆ. ಈಗಿನ ಮೇಲಧಿಕಾರಿ ಮೆಲ್ಚೊರ್ ಓಡಿ ಬಂದ.

"ಎಲ್ಲಾ ಸುಳ್ಳು ಹೆಸರು ತಾನೇ ಅಣ್ಣಾ, ಒತ್ಬಿಡಿ."

ನಾನು ಅಷ್ಟನ್ನೂ ವಾಪಸ್ ತಂದೆ. ಆಮೇಲೆ ಒಂದನ್ನು ಬಿಟ್ಟು ನಲವತ್ತನ್ನು ಅಳಿಸಿದೆ. ಇದು ಯಾರು ಎಂದು ಅವನು ಕೇಳಿದ. ಅಕ್ಕನ ಮಗಳು ಎಂದೆ. ಅವನು ಕೌಂಟರುಗಳ ಕಡೆ ಹೋದ.

ಮಂಡಿಗೆ ಬಿಸಿ ಎಣ್ಣೆ ತಿಕ್ಕಿಸಿಕೊಳ್ಳಿ. ಬಾಲಯೇಸು ಸಾಂತೊ ನಿನ್ಯೊ ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮ ತಮ್ಮ,
ದೊರೊ

ತಾ.ಕ.: ಅಕ್ಕ, ಅಳಿಸಲಾಗದ್ದಕ್ಕೆ ಕಾರಣ ಬೇರೆಯೇ ಇದೆ. ದೋಣಿ ಮಗುಚಿದ ದಿನ ನೀವು ಮನಿಲಾದಲ್ಲಿದ್ದಿರಿ. ಗೆಳತಿಯರಿಗೆಲ್ಲ ಟಿಕೆಟ್ ಸಿಕ್ಕಿದೆ, ತನಗೊಬ್ಬಳಿಗೇ ಇಲ್ಲ ಎಂದು ಮರಿವಿಕ್ ನನ್ನ ಹತ್ತಿರ ಬಂದು ಅತ್ತಳು. ಯಾರೋ ಬಿಟ್ಟ ಸೀಟು ಕೊಟ್ಟೆ ಎಂದು ಅವಳ ಶವದ ಮುಂದೆ ನಿಮಗೆ ಹೇಳಿದ್ದೆ. ಯಾರೂ ಬಿಟ್ಟಿರಲಿಲ್ಲ. ದೋಣಿ ಭರ್ತಿಯಾಗಿತ್ತು. ಪಟ್ಟಿಯಲ್ಲಿ ಒಂದು ಸೀಟು ಹೆಚ್ಚಿಸಿ ಅವಳನ್ನು ಹತ್ತಿಸಿದವನು ನಾನು.