ಇನ್ನೊಂದು ಬಲೆ

ನವೆಂಬರ್ 12

ಕೆರೆಯ ಹಿಮಗಡ್ಡೆಯಡಿಯಿಂದ ಎರಡು ಬಲೆ ಎತ್ತಿದೆವು. ಬಿಳಿಮೀನು ಅರ್ಧ ಚೀಲ. ಕುನ್ನೇ ಬಿಡಿಸಿದಳು, ನಾನು ಹಗ್ಗ ಎಳೆದೆ. ಆಮೇಲೆ ಅದಲು ಬದಲು. ಬಲೆ ನೀರಿಂದ ಮೇಲೆ ಬಂದದ್ದೇ ತಡ, ಸೆಟೆದು ಕಡ್ಡಿಯಾಗುತ್ತದೆ. ಕಿವಿರಿಗೆ ಸಿಕ್ಕಿದ ನೂಲನ್ನು ಗವಸಿನಲ್ಲಿ ಬಿಡಿಸಲಾಗದು, ಬರಿಗೈಯೇ ಆಗಬೇಕು. ಕೈ ಮರಗಟ್ಟಿದಾಗೆಲ್ಲ ಬಕೆಟ್ಟಿನ ಬಿಸಿನೀರಿಗೆ ಅದ್ದುವುದು, ಒರೆಸುವುದು, ಮೊಲದ ತೊಗಲಿನ ಗವಸಿಗೆ ತುರುಕುವುದು. ಮತ್ತೆ ಶುರು.

ನನ್ನ ಸರದಿಯಲ್ಲಿ ಒಂದು ಮೀನಿಗೇ ಒದ್ದಾಡಿದೆ. ಕುನ್ನೇ ನಕ್ಕಳು. "ಅಕ್ಕಾ, ನಿನ್ ಬೆರಳು ಹಿಟ್ಟು ನಾದೋಕೆ ಮಾಡಿರೋದು. ಸರಿ ಆಚೆ."

ಓರಗಿತ್ತಿ ಅಂದರೆ ಹೀಗಿರಬೇಕು. ನನ್ನ ಗಂಡ ಸೆಮ್ಯೋನ್ ತೀರಿಕೊಂಡ ಮೇಲೆ ಒಂದು ಚಳಿಗಾಲವೂ ನನ್ನನ್ನು ಒಬ್ಬಳನ್ನೇ ಕೆರೆಗೆ ಬಿಟ್ಟಿಲ್ಲ. ಈಗ ಅವಳ ಮನೆ ತುಂಬ ಮಣಿಗಳು. ನನ್ನ ಮಗಳು ಅಯಿತಾಳ ಮದುವೆ ಬೂಟು ಹೊಲಿಯುತ್ತಿದ್ದಾಳೆ. ಸಾರಂಗದ ಕಾಲಿನ ತೊಗಲು, ಮೇಲೆ ನೀಲಿ ಬಿಳಿ ಹೂವು. ಒಂದು ಕಾಲಿನದು ಮುಗಿದಿದೆ. ಮುಟ್ಟಲು ಬಿಡಲಿಲ್ಲ — "ಮೀನಿನ ಕೈ!"

ನವೆಂಬರ್ 19

ಯಾಕುತ್ಸ್ಕ್‌ನಿಂದ ಬೀಗಿತ್ತಿ ಫ್ಯೋಕ್ಲಾ ಫೋನು. "ಮೀನಿಗೆ ನೀವೇನೂ ಕಷ್ಟ ಪಡಬೇಡಿ. ಇಲ್ಲಿ ಅಂಗಡೀಲಿ ಚೆನ್ನಾಗಿರೋದು ಸಿಗುತ್ತೆ. ಹಳ್ಳೀಲಿ ಈಗ ಯಾರು ಹಿಡೀತಾರೆ, ಅಲ್ವಾ?"

ಹೂಂ ಹೂಂ ಅಂದೆ. ಇಟ್ಟ ಮೇಲೆ ಮೈಯೆಲ್ಲ ಉರಿ. ಕೆರೆದಂಡೆಯಲ್ಲಿ ಹುಟ್ಟಿದವಳ ಮಗಳ ಮದುವೆಗೆ ಅಂಗಡಿ ಮೀನು! ಬರಲಿ. ತೋರಿಸುತ್ತೇನೆ.

ನವೆಂಬರ್ 24

ಬರೆಯಲಾರೆ.

ನವೆಂಬರ್ 25

ನಿನ್ನೆ ಶಾಲೆಗೆ ರಜೆ ಕೊಟ್ಟಿದ್ದರು. ಮೈನಸ್ ಐವತ್ತೆರಡು. ಮಂಜು ಎಷ್ಟೆಂದರೆ ಎದುರುಮನೆಯ ಹೊಗೆಯೂ ಕಾಣದು. ಕುನ್ನೇ ಬೇಡವೆಂದಳು. "ನಾಳಿದ್ದು ಹೋಗಾಣ, ಅಕ್ಕಾ. ಮೀನೇನು ರೈಲು ಹಿಡ್ಕೊಂಡು ಹೋಗುತ್ತಾ?" ಬಲೆ ಹಿಮಗಡ್ಡೆಯ ತಳಕ್ಕೆ ಅಂಟಿಬಿಡುತ್ತದೆ ಎಂದೆ. ಸುಳ್ಳೇನಲ್ಲ. ಆದರೆ ಎರಡು ದಿನಕ್ಕೆ ಅಂಟುತ್ತಿರಲಿಲ್ಲ.

ಎರಡು ಬಲೆ ಎತ್ತುವಷ್ಟರಲ್ಲಿ ಬಕೆಟ್ಟಿನ ನೀರು ಗಡ್ಡೆ. ಅವಳು ಸಾಕೆಂದಳು. ಇನ್ನೊಂದು ಬಲೆ ಎಂದೆ. ಅದರ ತುಂಬ ಮೀನು, ನಾನು ಬಯಸಿದ್ದ ಗಾತ್ರದವು. ಬಿಡಿಸುವ ಸರದಿ ನನ್ನದು. "ನೀನೇ ಬಿಡಿಸು, ನಿನ್ನ ಕೈ ಬೇಗ" ಎಂದೆ. ನಾನು ಗವಸು ಹಾಕಿಕೊಂಡು ಹಗ್ಗ ಹಿಡಿದು ನಿಂತೆ.

ಸ್ವಲ್ಪ ಹೊತ್ತಿಗೆ ಅವಳು, "ಬೆರಳು ಬಹಳ ನೋಯ್ತಿದೆ, ಅಕ್ಕಾ" ಎಂದಳು.

ಆಯ್ತು, ಆಗಿಹೋಯ್ತು ಎಂದೆ.

ಆಮೇಲೆ, "ಈಗ ನೋವು ನಿಂತಿತು" ಎಂದಳು.

ನೋವು ನಿಂತರೆ ಏನರ್ಥ ಎಂದು ಈ ಊರಿನ ಮಗುವಿಗೂ ಗೊತ್ತು. ನನಗೂ ಗೊತ್ತಿತ್ತು. "ಇನ್ನು ನಾಲ್ಕೇ ಮೀನು" ಎಂದೆ.

ನಾಲ್ಕೂ ಬಿಡಿಸಿದಳು. ಗವಸು ಹಾಕಿಕೊಳ್ಳಲು ಹೋದಾಗ ಬೆರಳು ಮಡಚಲಿಲ್ಲ. ಬೆಳ್ಳಗೆ, ಮೇಣದ ಹಾಗೆ. ಇಬ್ಬರೂ ಅದನ್ನೇ ನೋಡುತ್ತ ನಿಂತೆವು. ಆಮೇಲೆ ಹಿಮಬಂಡಿಯಲ್ಲಿ ಹೇಗೆ ಬಂದೆನೋ. ಆಸ್ಪತ್ರೆಯ ನರ್ಸ್ ಲಿದಿಯಾ ನೋಡಿದ್ದೇ ಬಾಯಿಗೆ ಬಂದ ಹಾಗೆ ಬೈದಳು. "ಈ ಚಳೀಲಿ ಬರಿಗೈಯಾ? ತಲೆ ಕೆಟ್ಟಿದೆಯೇನೇ ನಿಮಗೆ?" ಕುನ್ನೇ ಮೆಲ್ಲಗೆ ಹೇಳಿದಳು: "ನಂದೇ ತಪ್ಪು. ಅಕ್ಕ ಬೇಡ ಅಂದ್ಲು. ನಾನೇ ಕೇಳಲಿಲ್ಲ."

ನನ್ನ ಕಡೆ ನೋಡಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ನವೆಂಬರ್ 30

ಕುನ್ನೇಯ ಗಂಡ ಗವ್ರೀಲ್ ಬಂದ. ಮೈದುನನ ಲಾರಿ ಹೆಪ್ಪುಗಟ್ಟಿದ ನದಿಯ ಮೇಲೆ ಎಲ್ಲಿತ್ತೋ, ಸುದ್ದಿ ಮುಟ್ಟಿದ್ದೇ ತಡವಾಗಿ. ಸೀದಾ ನನ್ನ ಮನೆಗೇ ಬಂದು ನನ್ನ ಎರಡೂ ಕೈ ಹಿಡಿದುಕೊಂಡ. "ಅತ್ತಿಗೆ, ನೀವಿರದಿದ್ರೆ ಅವಳು ಅಲ್ಲೇ ಬಿದ್ದಿರ್ತಿದ್ಲು. ಮೊದ್ಲಿಂದಲೂ ಹಟಮಾರಿ ಅವಳು."

ಚಹಾ ಕೊಟ್ಟೆ. ಬೆಣ್ಣೆ ಹಚ್ಚಿ ರೊಟ್ಟಿ ಕೊಟ್ಟೆ. ತಿಂದು ಹೋದ.

ಡಿಸೆಂಬರ್ 10

ಪೇಟೆ ಆಸ್ಪತ್ರೆಯಲ್ಲಿ ತೆಗೆದರು. ಬಲಗೈಯ ತೋರುಬೆರಳು, ನಡುಬೆರಳು — ಮೇಲಿನ ಗೆಣ್ಣು. ಮಣಿ ಪೋಣಿಸುವ ಬೆರಳುಗಳೇ.

ಶೆಡ್ಡಿನಲ್ಲಿ ಮೀನು ಸೌದೆಯ ಹಾಗೆ ಪೇರಿಸಿಟ್ಟಿದೆ. ಆ ಕಡೆ ಹೋಗುವುದಿಲ್ಲ. ಅಯಿತಾಳನ್ನೇ ಕಳಿಸುತ್ತೇನೆ.

ಡಿಸೆಂಬರ್ 15

ಹೇಳಿಬಿಟ್ಟೆ.

ಗವ್ರೀಲ್ ಅಂಗಳದಲ್ಲಿ ಸೌದೆ ಒಡೆಯುತ್ತಿದ್ದ. ಎಲ್ಲ ಹೇಳಿದೆ — ನನ್ನ ಸರದಿ, ನೋವು ನಿಂತಿತು ಅಂದದ್ದು, ನಾಲ್ಕು ಮೀನು. ಕೊಡಲಿಯನ್ನು ದಿಮ್ಮಿಗೆ ಊರಿದ.

"ಯಾಕೆ?"

"ಬೀಗಿತ್ತಿ ಎದುರು ತಲೆ ಎತ್ತಬೇಕು ಅಂತ."

"ಮೀನಿಗೋಸ್ಕರ."

"ಹೂಂ."

ಕೊಡಲಿ ಕಿತ್ತುಕೊಂಡು ಮತ್ತೆ ಒಡೆಯತೊಡಗಿದ. ನನ್ನ ಕಾಲಿನ ಹತ್ತಿರ ಚಕ್ಕೆ ಹಾರಿತು. ಬಂದುಬಿಟ್ಟೆ. ಎದೆ ಹಗುರವಾಯಿತು. ಊಟ ಕೂಡ ಸೇರಿತು.

ಡಿಸೆಂಬರ್ 16

ಕುನ್ನೇ ಬಂದಳು. ಕೋಟು ಬಿಚ್ಚಲಿಲ್ಲ. ಬ್ಯಾಂಡೇಜಿನ ಕೈ ಎದೆಗೆ ಕಟ್ಟಿಕೊಂಡಿದ್ದಳು.

"ಯಾರನ್ನ ಕೇಳಿ ಹೇಳ್ದೆ?"

"ನಿನ್ನ ಮೇಲೆ ಸುಳ್ಳು ಹೊರಿಸಿ—"

"ಸುಳ್ಳು ನಂದು! ನಾನು ಹೇಳಿದ್ದು, ನಾನು ಇಟ್ಕೊಂಡಿದ್ದೆ. ನಿನ್ನೆ ರಾತ್ರಿಯಿಂದ ಅವನು ಗೋಡೆ ನೋಡ್ಕೊಂಡು ಕೂತಿದಾನೆ. ಮದುವೆಗೆ ಬರಲ್ವಂತೆ. ನಿನ್ ಹೆಸರೆತ್ತಬೇಡ ಅಂತಾನೆ. ನನಗೆ ಬೆರಳೂ ಹೋಯ್ತು, ಮನೇಲಿ ನೆಮ್ಮದೀನೂ ಹೋಯ್ತು. ನಿನಗೇನು, ಎದೆ ಹಗುರ ಆಯ್ತು ಅಲ್ವಾ?"

ಆಗಿತ್ತಲ್ಲ.

"ಬೈಯಬೇಕಿದ್ರೆ ನಾನು ಬೈತಿದ್ದೆ, ಅಕ್ಕಾ. ನನ್ ಹೊತ್ತಿಗೆ, ನನ್ ಬಾಯಲ್ಲಿ. ಅದನ್ನೂ ಕಿತ್ಕೊಂಡೆ."

ಬಾಗಿಲು ಸರಿಯಾಗಿ ಹಾಕದೆ ಹೋದಳು. ಹೊರಗಿನ ಚಳಿ ನುಗ್ಗಿ ಮನೆಯೊಳಗೆಲ್ಲ ಹಬೆ. ಎದ್ದು ಹಾಕಲು ಮನಸ್ಸಾಗಲಿಲ್ಲ.

ಡಿಸೆಂಬರ್ 21

ಅಯಿತಾ ಚಿಕ್ಕಮ್ಮನ ಮನೆಗೆ ಹೋಗಿ ಬಂದಳು. ಎರಡನೇ ಬೂಟು ಎಡಗೈಯಲ್ಲಿ ಹೊಲಿಯುತ್ತಿದ್ದಾಳಂತೆ. ನರದ ದಾರವನ್ನು ಹಲ್ಲಲ್ಲಿ ಕಚ್ಚಿ ಎಳೆಯುವುದು, ಮಣಿ ಬಿದ್ದರೆ ನಾಲಿಗೆ ತುದಿಯಿಂದ ಎತ್ತುವುದು. ಬೇರೆಯವರಿಗೆ ಕೊಡೋಣ ಎಂದದ್ದಕ್ಕೆ ಕತ್ತರಿ ಎಸೆದಳಂತೆ.

"ಅಮ್ಮಾ, ನೀನು ಹೋಗಿ ಸ್ವಲ್ಪ ಸಹಾಯ ಮಾಡಬಾರ್ದಾ?"

ಮಗಳಿಗೆ ಇನ್ನೂ ಯಾರೂ ಹೇಳಿಲ್ಲ. ಹೇಳುವುದೇ? ಈ ಸಲ ಯಾರನ್ನು ಕೇಳಬೇಕು?

ಡಿಸೆಂಬರ್ 28

ನಿನ್ನೆ ಮದುವೆ ಆಯಿತು.

ಕುನ್ನೇ ಒಬ್ಬಳೇ ಬಂದಳು. ಎಲ್ಲರ ಜೊತೆ ನಗುನಗುತ್ತ ಮಾತಾಡಿದಳು. ನನ್ನ ಹತ್ತಿರ ಬಂದಾಗ, "ಉಪ್ಪು ಎಲ್ಲಿಟ್ಟೆ?" ಅಷ್ಟೇ.

ಫ್ಯೋಕ್ಲಾ ಮದುಮಗಳ ಕಾಲು ನೋಡಿದಳು. "ಇವೆರಡೂ ಬೇರೆ ಬೇರೆಯವರು ಹೊಲಿದ ಹಾಗಿದೆಯಲ್ಲ? ಈ ಕಾಲಿಂದು ಸೊಟ್ಟಗಿದೆ."

ಅಯಿತಾ ಥಟ್ಟನೆ, "ಎರಡೂ ನಮ್ಮ ಚಿಕ್ಕಮ್ಮಂದೇ" ಎಂದು ಆ ಕಾಲನ್ನೇ ಮುಂದೆ ಚಾಚಿದಳು. ಯಾರೂ ಮುಂದೆ ಕೇಳಲಿಲ್ಲ.

ಮೀನು ಬಂತು. ಗಡ್ಡೆಕಟ್ಟಿದ್ದನ್ನು ಹಸಿಯಾಗೇ ತೆಳ್ಳಗೆ ಹೆರೆದು ತಟ್ಟೆ ತುಂಬ ಗುಡ್ಡೆ ಹಾಕಿದ್ದರು. ಉಪ್ಪು-ಮೆಣಸಿಗೆ ಅದ್ದಿ ಬಾಯಿಗಿಟ್ಟು ಫ್ಯೋಕ್ಲಾ ಕಣ್ಣು ಮುಚ್ಚಿದಳು. "ಅಬ್ಬಾ, ಬೀಗಿತ್ತಿ! ಪೇಟೇಲಿ ಇಂಥದ್ದು ಎಲ್ಲಿ ಬರಬೇಕು!" ಎಲ್ಲರೂ ನನ್ನ ಕಡೆ ತಿರುಗಿದರು. ಈ ಒಂದು ಮಾತಿಗಾಗಿ. ಒಂದು ಚೂರು ನನ್ನ ಬಾಯಿಗೂ ಇಟ್ಟರು. ನಾಲಿಗೆಯ ಮೇಲೆ ಕರಗಿತು. ನುಂಗಲಾರದೆ ಹೊರಗೆ ಹೋಗಿ ಉಗಿದೆ.

ಜನವರಿ 9

ಅಯಿತಾ ಗಂಡನ ಮನೆಗೆ ಹೋಗಿ ವಾರವಾಯಿತು. ಒಂದು ಬಲೆ ಮತ್ತೆ ಇಳಿಸಿದೆ, ಒಬ್ಬಳೇ. ಬಿಸಿನೀರು ಒಯ್ಯಲಿಲ್ಲ. ಒಯ್ಯಬೇಕು ಅನಿಸಲೇ ಇಲ್ಲ.

ಜನವರಿ 12

ಬೆಳಿಗ್ಗೆ ಬಾಗಿಲಲ್ಲಿ ಗವ್ರೀಲ್. ಒಳಗೆ ಬಾ ಎಂದರೆ ಬರಲಿಲ್ಲ.

"ಕೆರೆಗೆ ಒಬ್ರೇ ಹೋಗ್ತಿದೀರಂತೆ."

"ಕುನ್ನೇ ಕಳಿಸಿದ್ಲಾ?"

"ಅವಳಿಗೆ ಹೇಳಿಲ್ಲ. ನಡೀರಿ. ಸಿಟ್ಟು ಇಳೀತು ಅಂತ ತಿಳ್ಕೋಬೇಡಿ."

"ತಿಳ್ಕೊಳ್ಳಲ್ಲ."

ಅವನು ಹಗ್ಗ ಎಳೆದ. ನಾನು ಬಿಡಿಸಿದೆ. ನಿಲ್ಲಿಸದೆ ಬಿಡಿಸಿದೆ. ಉಗುರಿನ ಬುಡ ಬೆಳ್ಳಗಾಗುತ್ತ ಬಂತು. ನೋಡುತ್ತಲೇ ಇದ್ದೆ. "ಸಾಕು ಏಳಿ" ಎಂದ. ನಾನು ಏಳಲಿಲ್ಲ. ಹಗ್ಗವನ್ನು ಗೂಟಕ್ಕೆ ಸುತ್ತಿ ಬಂದು ನನ್ನ ಮಣಿಕಟ್ಟು ಹಿಡಿದು ಎಬ್ಬಿಸಿದ. ತನ್ನ ಕೋಟಿನ ಗುಂಡಿ ಬಿಚ್ಚಿದ. ಒಳಗಿನ ತೊಗಲಂಗಿಯನ್ನೂ ಸಡಿಲಿಸಿದ.

"ಹಾಕಿ ಕೈ."

"ಬೇಡ, ಗವ್ರೀಲ್."

"ಎದೆ ತೆರ್ಕೊಂಡು ನಿಂತಿದೀನಿ, ಅತ್ತಿಗೆ. ಚಳಿ ಒಳಗೆ ನುಗ್ತಿದೆ."

ಅವನ ಎರಡೂ ಕಂಕುಳಿಗೆ ಕೈ ಇಟ್ಟೆ. ತಣ್ಣಗೆ ತಾಗಿ ಅವನ ಮೈಯೆಲ್ಲ ಒಮ್ಮೆ ಜಗ್ಗಿತು. ಹಿಂದೆ ಸರಿಯಲಿಲ್ಲ. ಮುಖ ಮಾತ್ರ ದಂಡೆಯ ಕಡೆ. ಏನಾದರೂ ಹೇಳೋಣವೆಂದು ಬಾಯಿ ತೆರೆದೆ.

"ಮಾತು ಬೇಡ. ಬೆರಳು ಆಡ್ಸಿ."

ಆಡಿಸಿದೆ. ಮೊದಲು ಬಲಗೈ. ಆಮೇಲೆ ಎಡಗೈ. ಎಲ್ಲವೂ ಆಡಿದವು, ಹತ್ತೂ ಬೆರಳು, ಹತ್ತಕ್ಕೆ ಹತ್ತೂ —